ಜಿಮ್ಮಿಗೆ ಬರೆದ ಎರಡು ಪಥ್ಯ

ನಾಯಿಯನ್ನು ಮೇಜಿನ ಮೇಲೆ ಮಲಗಿಸಿದಾಗ ಅದರ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಹೀಗೆಂದು ನನಗೆ ನೆನಪಿದೆ. ಆದರೆ ‘ತಮಟೆ’ ಎಂಬ ಮಾತು ಡಾಕ್ಟರದು. ನಾನು ಕಣ್ಣಾರೆ ಕಂಡೆನೋ, ಅವರ ಮಾತು ಕೇಳಿ ಆಮೇಲೆ ಕಂಡಂತೆ ಮಾಡಿಕೊಂಡೆನೋ ಈಗ ಹೇಳಲಾರೆ. ನನ್ನ ಹತ್ತಿರ ಉಳಿದಿರುವುದು ಆ ಕಾಲದ ಒಂದು ನೋಟ್‌ಬುಕ್ಕು. ಅದರಲ್ಲಿ ಆ ದಿನದ ಸಾಲು ಇಷ್ಟೇ: ‘ಗಂಡು ನಾಯಿ, ಗಿಡ್ಡ ಕಾಲಿನ ಜಾತಿ, ಆರು ವರ್ಷ, ಜೋಗುಪಾಳ್ಯ. ನಿನ್ನೆಯಿಂದ ಮೂತ್ರ ಇಲ್ಲ.’ ನೋಟ್‌ಬುಕ್ಕಿನಲ್ಲಿ ಇರುವುದನ್ನು ಅದರಿಂದಲೇ ತೆಗೆದು ಬರೆಯುತ್ತೇನೆ. ಇಲ್ಲದ್ದನ್ನು ಓದುವವರು ಅರ್ಧ ನಂಬಿದರೆ ಸಾಕು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಈಗ ಶಿವಾಜಿನಗರ ಎನ್ನುವ, ಆಗ ನಾವೆಲ್ಲ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಕಡೆ ಒಂದು ಓಣಿಯಲ್ಲಿ ಖಾಸಗಿ ಪಶು ದವಾಖಾನೆ. ಸೈನ್ಯದಲ್ಲಿ ಕುದುರೆಗಳಿಗೆ ವೈದ್ಯರಾಗಿದ್ದು ನಿವೃತ್ತರಾದ ಡಾಕ್ಟರೊಬ್ಬರು ಅದನ್ನು ನಡೆಸುತ್ತಿದ್ದರು. ನಾನು ಅಲ್ಲಿ ಕಾಂಪೌಂಡರ್. ಹಲಸೂರಿನಿಂದ ನಡೆದು ಹೋಗಿ ಬರುತ್ತಿದ್ದೆ. ಔಷಧಿ ಬೆರೆಸುವುದು, ಪ್ರಾಣಿಯನ್ನು ಹಿಡಿದುಕೊಳ್ಳುವುದು, ಸಲಕರಣೆ ಕುದಿಸುವುದು, ಬಾಟಲಿ ತೊಳೆಯುವುದು, ಎಲ್ಲವೂ ನನ್ನದೇ ಕೆಲಸ. ಬರುತ್ತಿದ್ದವು ಹೆಚ್ಚಾಗಿ ಜಟಕಾ ಕುದುರೆಗಳು. ಬಂಗಲೆಗಳ ನಾಯಿಗಳೂ ಬರುತ್ತಿದ್ದವು, ಆದರೆ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದ ಹಾಗೆ ಅವು ಕಡಿಮೆಯಾಗುತ್ತಿದ್ದವು.

ಈ ನಾಯಿಯನ್ನು ತಂದವನು ಒಬ್ಬ ಮುದುಕ. ಮೂವತ್ತು ವರ್ಷ ಸೈನ್ಯಾಧಿಕಾರಿಗಳ ಬಂಗಲೆಗಳಲ್ಲಿ ಬಟ್ಲರನಾಗಿ ಅಡುಗೆ ಮಾಡಿದ್ದವನು. ಕೊನೆಯ ದೊರೆ ಊರು ಬಿಡುವಾಗ ನಾಯಿಯನ್ನು ಇವನ ಕೈಗಿಟ್ಟು ಹೋಗಿದ್ದ. ಉದ್ದ ಮೈ, ಗೇಣುದ್ದದ ಕಾಲು, ನೆಲ ಗುಡಿಸುವಂಥ ಕಿವಿ.

‘ಇದರ ಹೆಸರು ಮೊದಲು ಹಾನ್ಸ್ ಅಂತ ಇತ್ತು ತಂಬಿ,’ ಎಂದ ಮುದುಕ ನನಗೆ. ‘ಯುದ್ಧ ಶುರುವಾದ ದಿನ ದೊರೆಸಾನಿ ಕೂಗಿ ಹೇಳಿದ್ರು, ಬಟ್ಲರ್, ಇವತ್ತಿಂದ ಇದು ಜಿಮ್ಮಿ ಅಂತ. ಜರ್ಮನ್ ನಾಯಿ ನೋಡು. ಹೆಸರು ಬದಲಾಯ್ಸಿದ್ರು, ಕಾಲು ಬದಲಾಯ್ಸೋಕಾಗ್ಲಿಲ್ಲ.’

ನಾಯಿ ನರಳುತ್ತಿರುವಾಗಲೂ ಅವನು ತಮಾಷೆ ಮಾಡುತ್ತಿದ್ದ. ಕೈ ಮಾತ್ರ ಅದರ ಕಿವಿಯ ಹಿಂದೆ ಬಿಡದೆ ಆಡುತ್ತಿತ್ತು.

ಡಾಕ್ಟರು ಮೂತ್ರನಾಳಕ್ಕೆ ರಬ್ಬರ್ ಕೊಳವೆ ಹಾಕಲು ನೋಡಿದರು. ಎರಡು ಅಂಗುಲ ಹೋಗಿ ಕಲ್ಲಿಗೆ ತಗಲಿ ನಿಂತಿತು. ಗಂಡು ನಾಯಿಗೆ ಅಲ್ಲಿ ಒಂದು ಸಣ್ಣ ಎಲುಬಿದೆ, ಕಲ್ಲು ಬಂದು ಅದರ ಹಿಂದೆ ಕೂರುತ್ತದೆ. ಬೆಚ್ಚಗಿನ ಎಣ್ಣೆ ಪಿಚಕಾರಿಯಲ್ಲಿ ತುಂಬಿ ಒತ್ತಿ ಕಲ್ಲನ್ನು ಹಿಂದಕ್ಕೆ, ಮೂತ್ರಚೀಲದೊಳಕ್ಕೆ ತಳ್ಳಿದರು. ಆಮೇಲೆ ಹೊಟ್ಟೆ ಕುಯ್ಯಲೇಬೇಕಾಯಿತು. ಕ್ಲೋರೋಫಾರ್ಮ್ ಹನಿಸುವುದು ನನ್ನ ಪಾಲಿಗೆ ಬಂತು. ಎಣಿಸುತ್ತ ಹನಿಸಬೇಕು, ನಾಲಗೆಯ ಬಣ್ಣ ನೋಡುತ್ತಿರಬೇಕು. ಆ ಗಾಬರಿಯಲ್ಲಿ ಮೊಣಕೈ ತಗಲಿ ಅಳತೆಯ ಗಾಜಿನ ಲೋಟ ನೆಲಕ್ಕೆ ಬಿದ್ದು ಚೂರಾಯಿತು. ಯುದ್ಧಕಾಲದಲ್ಲಿ ಅಂಥದ್ದು ಮತ್ತೆ ಸಿಗುವಂತಿರಲಿಲ್ಲ.

ಡಾಕ್ಟರು ತಲೆ ಎತ್ತದೆ ಗುಡುಗಿದರು. ‘ಯಾರದು?’

‘ನಾನೇ ಸಾರ್, ಕೈ ತಗಲ್ತು,’ ಎಂದ ಬಾಗಿಲ ಬಳಿ ನಿಂತಿದ್ದ ಮುದುಕ. ಅವನು ಮೇಜಿನಿಂದ ನಾಲ್ಕು ಮಾರು ದೂರದಲ್ಲಿದ್ದ.

ಡಾಕ್ಟರು ಏನೋ ಗೊಣಗಿ ಕೆಲಸ ಮುಂದುವರಿಸಿದರು. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಕೇಳಿದೆ: ‘ಯಾಕ್ ತಾತ ಹಂಗಂದ್ರಿ? ಬಿದ್ದಿದ್ದು ನನ್ನ ಕೈಯಿಂದ ಅಲ್ವಾ?’

‘ಬಂಗ್ಲೇಲಿ ಏನ್ ಒಡೆದ್ರೂ ಒಡೆದೋನು ಬಟ್ಲರ್ರೇ ತಂಬಿ. ಮಗು ಒಡೆದ್ರೂ ಬಟ್ಲರ್, ಬೆಕ್ಕು ಒಡೆದ್ರೂ ಬಟ್ಲರ್. ಬೇಗ ಒಪ್ಕೊಂಡ್ರೆ ಬೇಗ ಮುಗೀತದೆ. ಊಟ ಹೊತ್ತಿಗೆ ಸರಿಯಾಗಿ ಆಗ್ತದೆ.’ ನಕ್ಕ. ಮುಂದಿನ ಎರಡು ಹಲ್ಲು ಇರಲಿಲ್ಲ.

ಚೀಲದಿಂದ ಹನ್ನೊಂದು ಕಲ್ಲು ಬಂದಿದ್ದವು. ದೊಡ್ಡದು ಕಡಲೆಕಾಳಿನಷ್ಟು. ಡಾಕ್ಟರು ಅವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ‘ಫಾಸ್ಫೇಟು. ನೂರಕ್ಕೆ ತೊಂಬತ್ತು ಇದೇ,’ ಎಂದರು. ಕಲ್ಲುಗಳನ್ನು ಮುದುಕ ಕೇಳಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋದ. ಒಂದನ್ನಾದರೂ ನಾವು ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ಮತ್ತೆ ಕಲ್ಲು ಕಟ್ಟದಂತೆ ಪಥ್ಯ ಬರೆಯಬೇಕಿತ್ತು. ಅದಕ್ಕೆ ಮೂತ್ರ ಹುಳಿಯೋ ಕ್ಷಾರವೋ ಎಂದು ತಿಳಿಯಬೇಕು. ಹುಳಿಯಾದರೆ ಲಿಟ್ಮಸ್ ಕಾಗದ ಕೆಂಪು, ಕ್ಷಾರವಾದರೆ ನೀಲಿ. ಫಾಸ್ಫೇಟಿನ ಕಲ್ಲು ಕ್ಷಾರದಲ್ಲಿ ಬೆಳೆಯುತ್ತದೆ. ಜಿಮ್ಮಿ ದವಾಖಾನೆಯಲ್ಲಿ ಹೆದರಿ ಒಂದು ಹನಿಯೂ ಬಿಡುತ್ತಿರಲಿಲ್ಲ. ಹಾಗಾಗಿ ನಾನು ಕಪಾಟಿನಿಂದ ತೊಳೆದ ಬಾಟಲಿಯೊಂದನ್ನು ಕೊಟ್ಟೆ. ಬೆಳಗಿನ ಮೊದಲ ಮೂತ್ರ ಹಿಡಿದು, ಒದ್ದೆ ಬಟ್ಟೆ ಸುತ್ತಿ, ಗಂಟೆಯೊಳಗೆ ತರಬೇಕು ಎಂದು ಹೇಳಿದೆ. ಪ್ರತಿ ಸಲ ತುಂಬಿದ ಬಾಟಲಿ ಇಟ್ಟು ಬೇರೆ ಖಾಲಿ ಬಾಟಲಿ ಒಯ್ಯಬೇಕು.

ಅವನು ಬಂಗಲೆಯಿಂದ ಬಂದಿದ್ದ ಸೂಪು ಬಡಿಸುವ ಸೌಟನ್ನು ಬಿದಿರ ಕೋಲಿಗೆ ಕಟ್ಟಿದ. ಹಲಸೂರು ಕೆರೆಯ ದಂಡೆಯಲ್ಲಿ ನಾಯಿಯ ಹಿಂದೆ ಬಗ್ಗಿ ಬಗ್ಗಿ ನಡೆಯುತ್ತಿದ್ದುದನ್ನು ನಾನೇ ಒಂದು ಬೆಳಿಗ್ಗೆ ಕಂಡೆ. ಅಗಸರವನೊಬ್ಬ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೂಗಿದ: ‘ಏನ್ ತಾತ, ನಾಯಿ ಹತ್ರ ಹಾಲ್ ಕರೀತಿದೀಯಾ?’

‘ಹೂಂ ಕಣಯ್ಯ, ನಿನಗೇ ಟೀ ಮಾಡೋಕೆ,’ ಎಂದ ಮುದುಕ, ಸೌಟಿನಿಂದ ಕಣ್ಣು ತೆಗೆಯದೆ.

ಕಾಗದ ನೀಲಿಯಾಯಿತು. ಎರಡನೆಯ ದಿನ, ಮೂರನೆಯ ದಿನವೂ ನೀಲಿ. ಡಾಕ್ಟರು ಮುದುಕನನ್ನು ಕೂರಿಸಿ ಕೇಳಿದರು. ‘ಏನ್ ಹಾಕ್ತಿದ್ದೆ ಇದಕ್ಕೆ?’

‘ಅನ್ನ, ಬೇಳೆಕಟ್ಟು, ಮೊಸರು ಸಾರ್. ನಾವು ತಿನ್ನೋದೇ. ಒಂದು ವರ್ಷದಿಂದ.’

‘ಬಂಗಲೇಲಿ?’

‘ದಿನಾ ಮಟನ್ ಸಾರ್.’

‘ನೋಡಿದ್ಯಾ? ನಿನ್ನ ಮೊಸರನ್ನದಿಂದಾನೇ ಕಲ್ಲಾಗಿದ್ದು. ನಾಯಿಗೆ ಮಾಂಸ ಬೇಕಯ್ಯ. ಮಾಂಸ ಮೂತ್ರವನ್ನ ಹುಳಿ ಮಾಡುತ್ತೆ, ಕಲ್ಲು ನಿಲ್ಲಲ್ಲ. ದಿನಕ್ಕೆ ಅರ್ಧ ಪೌಂಡು. ಈರುಳ್ಳಿ, ಮೂಳೆ ಬೇಡ. ಬೇಳೆ, ಸೊಪ್ಪು, ಮೊಸರು ಬಂದ್.’ ಜೊತೆಗೆ ನವಸಾಗರ ಬರೆದರು. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ಉಪ್ಪು. ಶುದ್ಧ ಮಾಡಿದ್ದನ್ನು ನಾನು ಪೊಟ್ಟಣ ಕಟ್ಟಿ ಕೊಡಬೇಕು. ಅದೂ ಹುಳಿ ಮಾಡುವಂಥದ್ದೇ.

ಮುದುಕ ಎದ್ದು ನಿಂತ. ಯಾಕೆಂದು ನನಗೆ ಆಗ ಅರ್ಥವಾಗಲಿಲ್ಲ, ಡಾಕ್ಟರಿಗೂ ಆಗಲಿಲ್ಲ.

‘ಸಾರ್, ಬೇರೆ ಏನಾದ್ರೂ ಇಲ್ವಾ? ಮೀನು? ಮೊಟ್ಟೆ?’

‘ಯಾಕೆ, ಮಟನ್ ಯಾಕಾಗಲ್ಲ? ರೇಷನ್ ಕಾರ್ಡು ಬೇಕಾ ಅದಕ್ಕೂ?’

ಅವನು ಹೇಳಿದ. ಅವರ ಮನೆಯವರು ಅಪ್ಪನ ಕಾಲದಲ್ಲೇ ಬುದ್ಧರ ಕಡೆ ಬಂದವರು. ಭಾನುವಾರ ಹತ್ತಿಪ್ಪತ್ತು ಮನೆಯವರು ಒಂದು ಸಣ್ಣ ಹಜಾರದಲ್ಲಿ ಸೇರುತ್ತಿದ್ದರು. ಅಲ್ಲಿ ಮಾಂಸ ಬಿಡಲೇಬೇಕೆಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಇವನು ಬಂಗಲೆ ಕೆಲಸ ಬಿಟ್ಟ ವಾರ ತಾನಾಗಿಯೇ ಎದ್ದು ನಿಂತು, ಇನ್ನು ಮಾಂಸ ಕುಯ್ಯುವುದಿಲ್ಲ, ಬೇಯಿಸುವುದಿಲ್ಲ, ತಿನ್ನುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟಿದ್ದ.

‘ಮೂವತ್ತು ವರ್ಷ ಕುಯ್ದಿದೀನಿ ಸಾರ್. ಕೋಳಿ, ಬಾತು, ಕುರಿ, ಹಂದಿ. ಕ್ರಿಸ್‌ಮಸ್ಸಿಗೆ ಒಂದೇ ದಿನ ನಲವತ್ತು ಹಕ್ಕಿ. ಸಾಕು ಅಂತ ಹೇಳಿ ಬಂದಿದೀನಿ.’

ಡಾಕ್ಟರು ಕೆಟ್ಟವರಲ್ಲ. ಹೇಳಿದರು: ‘ನೀನು ತಿನ್ನಬೇಡ. ನಾಯಿ ತಿನ್ನಲಿ. ಬೇಡ ಅಂದ್ರೆ ಮೂರು ತಿಂಗಳಲ್ಲಿ ಮತ್ತೆ ಇದೇ ಮೇಜು. ನಿನ್ನ ಇಷ್ಟ.’

ಅವನು ಮಾಂಸ ಕೊಂಡ. ಮಾರ್ಕೆಟ್ಟಿನಲ್ಲಿ ನಾನು ಅವನ ಜೊತೆಗಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಇದಿಲ್ಲ, ಆದರೂ ಇದ್ದೆ ಎಂದೇ ಅನ್ನಿಸುತ್ತದೆ. ಮಾಂಸದಂಗಡಿಯವನು ಹಳೆಯ ಗುರುತಿನವನು, ಕತ್ತಿ ಮಸೆಯುತ್ತ ನಕ್ಕ. ‘ಕ್ಯಾ ಬಟ್ಲರ್ ಸಾಬ್, ದೊರೆ ವಾಪಸ್ ಆಗಯೇ ಕ್ಯಾ?’ ದೊರೆ ತಿರುಗಿ ಬಂದನೇ ಎಂದು ಅವನ ಪ್ರಶ್ನೆ. ಮುದುಕ ಬೆರಳಿನಿಂದ ತೊಡೆಯ ತುಂಡನ್ನು ತೋರಿಸಿದ. ಕೊಬ್ಬು ತೆಗೆ, ಪೊರೆ ತೆಗೆ, ಎಳೆಗೆ ಅಡ್ಡವಾಗಿ ಕುಯ್ಯಿ ಎಂದ. ಎಲ್ಲಿ ನಿಲ್ಲಬೇಕೆಂಬುದು ಬೆರಳಿಗೆ ಮರೆತೇ ಇರಲಿಲ್ಲ.

ಜೋಗುಪಾಳ್ಯದ ಅವನ ಮನೆ ಒಂದೂವರೆ ಕೋಣೆಯದು. ಗಂಡನನ್ನು ಕಳೆದುಕೊಂಡ ಮಗಳು ಜೊತೆಗಿದ್ದಳು. ಸೈನ್ಯದ ಸಮವಸ್ತ್ರ ಹೊಲಿಯುವ ಕಡೆ ಅವಳಿಗೆ ಕೆಲಸ. ಅಡುಗೆಮನೆಗೆ ಮಾಂಸ ತರಕೂಡದೆಂದು ನಿಯಮ ಮಾಡಿದ್ದವನು ಅವನೇ ಆದ್ದರಿಂದ ಹಿತ್ತಲ ನುಗ್ಗೆಮರದ ಕೆಳಗೆ ಮೂರು ಕಲ್ಲಿಟ್ಟು ಬೇರೆ ಒಲೆ ಮಾಡಿದ. ಬೇರೆ ಮಡಕೆ, ಬೇರೆ ಚಾಕು. ಅಂಚೆ ತೂಗುವಂಥ ಸಣ್ಣ ತಕ್ಕಡಿ ಬಂಗಲೆಯಿಂದ ಬಂದದ್ದಿತ್ತು. ಮಾಂಸ ತೂಗಿ, ಸಣ್ಣಗೆ ಕೊಚ್ಚಿ, ನೀರಲ್ಲಿ ಬೇಯಿಸಿ, ಮೇಲಿನ ನೊರೆ ತೆಗೆದು, ಆರಿಸಿ, ನವಸಾಗರವನ್ನು ಒಂದು ಉಂಡೆಯಲ್ಲಿ ಅಡಗಿಸಿ ಕೊಡುತ್ತಿದ್ದ. ಆಮೇಲೆ ಮೈಮೇಲೆ ನೀರು ಸುರಿದುಕೊಂಡು ಒಳಗೆ ಹೋಗುತ್ತಿದ್ದ. ಭಾನುವಾರದ ಹಜಾರಕ್ಕೆ ಹೋಗುವುದನ್ನು ನಿಲ್ಲಿಸಿದ.

ನಾನು ಪೊಟ್ಟಣ ಕೊಡಲು ಹೋದಾಗ ಮಗಳು ಹೊಲಿಗೆ ಯಂತ್ರದ ಮುಂದೆ ಕೂತೇ ಹೇಳಿದಳು: ‘ನೋಡಿ ಕಾಂಪೌಂಡರೇ. ನನ್ನ ಮದುವೆಗೆ ಬಂದೋರಿಗೆ ದುಡ್ಡಿಲ್ಲ ಅಂತ ಸಾಂಬಾರ್ ಬಡಿಸಿ ಕಳಿಸಿದ್ರು ನಮ್ಮಪ್ಪ. ನಾಯಿಗೆ ದಿನಾ ಕೈಮಾ.’

‘ಅದಕ್ಕೆ ಖಾಯಿಲೆಮ್ಮಾ,’ ಎಂದ ಮುದುಕ.

‘ನನಗೂ ಖಾಯಿಲೆ ಬರ್ಲಿ ತಡೀರಿ.’

ಎಲ್ಲ ಸರಿಯಾಗಿ ನಡೆಯುತ್ತಿತ್ತು, ಕಾಗದವೊಂದನ್ನು ಬಿಟ್ಟು. ವಾರಕ್ಕೆ ಎರಡು ಸಲ ಬಾಟಲಿ ಬರುತ್ತಿತ್ತು. ವಾರಕ್ಕೆ ಎರಡು ಸಲ ನೀಲಿ. ಡಾಕ್ಟರು ಮಾಂಸವನ್ನು ಮುಕ್ಕಾಲು ಪೌಂಡಿಗೆ ಏರಿಸಿದರು. ನವಸಾಗರ ಏರಿಸಿದರು. ನಾಯಿ ಊಟದ ಮೇಲೆ ವಾಂತಿ ಮಾಡತೊಡಗಿತು, ಬೆನ್ನು ಕಮಾನಿನಂತಾಯಿತು. ನೀಲಿ ಹೋಗಲಿಲ್ಲ. ನೋಟ್‌ಬುಕ್ಕಿನಲ್ಲಿ ನೀಲಿ, ನೀಲಿ, ನೀಲಿ ಎಂದು ಒಂದರ ಕೆಳಗೊಂದು ಇದೆ. ಆ ಸಾಲುಗಳೆಲ್ಲ ಒಂದೇ ಅಳತೆಯ, ಗುಂಡಗಿನ ಅಕ್ಷರ. ಒಮ್ಮೆಯೂ ನನ್ನ ಕೈ ಅನುಮಾನದಿಂದ ನಿಂತದ್ದಕ್ಕೆ ಗುರುತಿಲ್ಲ.

ಒಂದು ದಿನ ಮುದುಕ ಕೇಳಿದ. ‘ತಂಬಿ, ನಿಜ ಹೇಳು. ಮಾಂಸ ಹಾಕಿದ ಮೇಲೆ ನಾಯಿ ಸೊರಗ್ತಾ ಇದೆ. ಕಾಗದ ತಪ್ಪು ಹೇಳ್ತದಾ?’

‘ಕಾಗದ ತಪ್ಪು ಹೇಳಲ್ಲ ತಾತ,’ ಎಂದೆ. ನಂಬಿಯೇ ಹೇಳಿದೆ.

ಎರಡು ತಿಂಗಳು ತುಂಬುವ ಮೊದಲೇ ಮತ್ತೆ ಮೂತ್ರ ಕಟ್ಟಿತು. ಈ ಸಲ ಕಲ್ಲು ನಾಳದ ತುದಿಗೇ ಬಂದಿತ್ತು. ಡಾಕ್ಟರು ಎಣ್ಣೆ ಹಾಕಿ, ಬೆರಳಿನಿಂದ ನೀವಿ ನೀವಿ ಹೊರಗೆ ತೆಗೆದರು. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ, ‘ಒಳಗೆ ಇನ್ನೂ ಇವೆ,’ ಎಂದರು. ಹಳೆಯ ಗಾಯ ಆಗ ತಾನೇ ಕೂಡಿತ್ತು, ಅಷ್ಟು ಬೇಗ ಮತ್ತೆ ಕುಯ್ಯುವಂತಿರಲಿಲ್ಲ.

ಹೊರಬಂದ ಕಲ್ಲನ್ನು ನಾನು ಬೆಳಕಿಗೆ ಹಿಡಿದೆ. ಜೇನುಮೇಣದ ಬಣ್ಣ, ಉಗುರು ಹಾಕಿದರೆ ಗೀರು ಬೀಳುವಷ್ಟು ಮೆತ್ತಗೆ. ಫಾಸ್ಫೇಟು ಸುಣ್ಣದ ಹಾಗೆ ಬೆಳ್ಳಗಿರುತ್ತದೆ ಎಂದು ಓದಿದ್ದೆ. ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದಾಗ ಅದರ ಚೂರನ್ನು ಚಮಚದ ತುದಿಯಲ್ಲಿಟ್ಟು ಸ್ಪಿರಿಟ್ ದೀಪಕ್ಕೆ ಹಿಡಿದೆ. ಫಾಸ್ಫೇಟು ಕಾಯುತ್ತದೆ, ಉರಿಯುವುದಿಲ್ಲ. ಇದು ಉರಿಯಿತು. ಹಸಿರುಗೂಡಿದ ನೀಲಿ ಜ್ವಾಲೆ, ಮೂಗಿಗೆ ಹೊಡೆಯುವ ಗಂಧಕದಂಥ ವಾಸನೆ. ಚಮಚದಲ್ಲಿ ಏನೂ ಉಳಿಯಲಿಲ್ಲ.

ಹಾಗೆ ಉರಿದುಹೋಗುವ ಕಲ್ಲು ಇನ್ನೊಂದಿದೆ, ಯೂರಿಕ್ ಆಸಿಡ್ಡಿನದು. ಅದಕ್ಕೆ ನೈಟ್ರಿಕ್ ಆಸಿಡ್ ಹಾಕಿ ಒಣಗಿಸಿ ಅಮೋನಿಯಾ ತಾಗಿಸಿದರೆ ನೇರಳೆ ಬಣ್ಣ ಬರಬೇಕು. ಬರಲಿಲ್ಲ. ಇನ್ನೊಂದು ಚೂರನ್ನು ಅಮೋನಿಯಾದಲ್ಲಿ ಕರಗಿಸಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ ಒಣಗಲು ಬಿಟ್ಟೆ. ಡಾಕ್ಟರು ಬಂದ ಮೇಲೆ, ಕುದುರೆಗಳ ರಕ್ತ ನೋಡುವ ಹಿತ್ತಾಳೆಯ ಸೂಕ್ಷ್ಮದರ್ಶಕದಲ್ಲಿ ಅದನ್ನಿಟ್ಟು ಕರೆದೆ.

ಅವರು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಬಣ್ಣವಿಲ್ಲದ ಚಪ್ಪಟೆ ಬಿಲ್ಲೆಗಳು, ಪ್ರತಿಯೊಂದಕ್ಕೂ ಆರು ಮೂಲೆ, ಜೇನುಗೂಡಿನಿಂದ ಉದುರಿದಂತೆ. ಅಷ್ಟು ಅಚ್ಚುಕಟ್ಟಾದ ವಸ್ತುವನ್ನು ನಾನು ಆ ದವಾಖಾನೆಯಲ್ಲಿ ಬೇರೆ ಕಂಡಿಲ್ಲ.

‘ಸಿಸ್ಟೀನ್,’ ಎಂದರು ಡಾಕ್ಟರು, ಹಳೆಯ ಪುಸ್ತಕ ತೆಗೆದು ಪುಟ ಹುಡುಕಿ. ‘ಮಾಂಸದ ಸತ್ವದಿಂದ ಬರೋದು. ಕೆಲವು ನಾಯಿಗಳ ಮೂತ್ರಪಿಂಡ ಅದನ್ನ ಹಿಡಿದಿಟ್ಕೊಳ್ಳಲ್ಲ, ಸೋರಿಸಿಬಿಡುತ್ತೆ. ಈ ಗಿಡ್ಡ ಕಾಲಿನ ಜಾತಿ ಹೆಸರೂ ಬರೆದಿದಾರೆ ನೋಡು. ಮೂತ್ರ ಹುಳಿಯಾದಷ್ಟೂ ಗಟ್ಟಿ ಕಟ್ಟುತ್ತೆ, ಕ್ಷಾರದಲ್ಲಿ ಕರಗುತ್ತೆ.’ ಪುಸ್ತಕ ಮುಚ್ಚಿದರು. ‘ಹಂಗಾದ್ರೆ ಇದು ನೀಲಿ ಹೇಗೆ ಬಂತಯ್ಯ?’

ನಾವು ಎರಡು ತಿಂಗಳು ಮಾಡಿದ್ದೆಲ್ಲ ಕಲ್ಲನ್ನು ಬೆಳೆಸುವ ಕೆಲಸ.

ಮರುದಿನ ಮುದುಕ ನಾಯಿಯನ್ನೂ ಬಾಟಲಿಯನ್ನೂ ತಂದ. ಡಾಕ್ಟರು ಮೊದಲು ಬಾಟಲಿಗೆ ಕಾಗದ ಅದ್ದಿದರು, ನೀಲಿ. ಆಮೇಲೆ ಕೊಳವೆ ಹಾಕಿ ನಾಯಿಯ ಚೀಲದಿಂದಲೇ ಬಂದ ಹನಿಯನ್ನು ನೇರ ಕಾಗದದ ಮೇಲೆ ಬೀಳಿಸಿದರು. ಕೆಂಪು. ನಾಯಿ ಒಂದೇ, ಬೆಳಿಗ್ಗೆಯೂ ಒಂದೇ. ಅವರು ಬಾಟಲಿಯನ್ನು ಖಾಲಿ ಮಾಡಿ, ಭಟ್ಟಿ ಇಳಿಸಿದ ಶುದ್ಧ ನೀರು ಸ್ವಲ್ಪ ಹಾಕಿ, ಕುಲುಕಿ, ಕಾಗದ ಅದ್ದಿದರು. ಬರಿಯ ನೀರು. ಕಾಗದ ನಿಧಾನವಾಗಿ ಅಂಚಿನಿಂದ ನೀಲಿಯಾಯಿತು. ಬಾಟಲಿಯ ಹೆಗಲ ಒಳಭಾಗದಲ್ಲಿ ಬೆರಳಾಡಿಸಿ ನೋಡಿದರು. ಬೆರಳಿಗೆ ಬೂದುಬಣ್ಣದ ನುಣುಪು ಹತ್ತಿತ್ತು.

ಬೂದಿ.

ಸೋಪು ಸಿಗದ ಕಾಲ. ಸೋಡಾ ಪುಡಿಯನ್ನು ಔಷಧಿಗೆಂದು ಎತ್ತಿಡುತ್ತಿದ್ದೆವು. ನಮ್ಮ ಮನೆಯಲ್ಲಿ ಪಾತ್ರೆಗಳನ್ನು ಸರ್ವೆ ಸೌದೆಯ ಬೂದಿಯಲ್ಲಿ ತಿಕ್ಕುತ್ತಿದ್ದರು. ಚಿಕ್ಕಂದಿನಿಂದ ಕಂಡ ಕ್ರಮ. ನಾನು ಬಾಟಲಿಗೆ ಒಂದು ಹಿಡಿ ಬೂದಿ, ಒಂದಿಷ್ಟು ಮರಳು ಹಾಕಿ, ನೀರು ತುಂಬಿ, ಬಾಯಿ ಮುಚ್ಚಿ ಗಲಗಲ ಕುಲುಕುತ್ತಿದ್ದೆ. ಗಾಜು ಫಳಫಳ ಹೊಳೆಯುತ್ತಿತ್ತು. ಡಾಕ್ಟರೇ ಒಮ್ಮೆ ಹೊಗಳಿದ್ದರು. ಸೌದೆಯ ಬೂದಿ ಎಂದರೆ ಕ್ಷಾರವೇ ಎನ್ನುವುದು ಕಾಂಪೌಂಡರಿಗೆ ಗೊತ್ತಿರಬೇಕಾದ ವಿಷಯ. ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಪುಸ್ತಕದ ಕಡೆ ಇತ್ತು, ಕುಲುಕುವ ಕೈ ಮನೆಯ ಕಡೆ ಇತ್ತು.

‘ಯಾರು ಇದನ್ನ ಬೂದೀಲಿ ತೊಳೆದದ್ದು?’ ಡಾಕ್ಟರ ದನಿ ಏರಿರಲಿಲ್ಲ. ಅದು ಏರದಿದ್ದಾಗಲೇ ಹೆಚ್ಚು ಭಯ.

ನಾನು ಬಾಯಿ ತೆರೆದೆ. ತೆರೆದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೇನೆ.

‘ನಾನೇ ಸಾರ್,’ ಎಂದ ಮುದುಕ. ‘ನೀವು ಕೊಟ್ಟಿದ್ದನ್ನ ಮನೇಲಿ ಇನ್ನೊಂದು ಸಲ ತೊಳೀತಿದ್ದೆ. ಬೂದೀಲಿ. ಶುದ್ಧ ಇರ್ಲಿ ಅಂತ.’

ಆಗ ಡಾಕ್ಟರು ಸಿಡಿದರು. ‘ಯಾರಯ್ಯ ಹೇಳಿದ್ದು ನಿನಗೆ ತೊಳಿ ಅಂತ? ನಿನ್ನ ಬೂದಿ ನೋಡಿ ನಾನು ಪಥ್ಯ ಬರೆದೆ! ನಿನ್ನ ಮೊಸರನ್ನ ಈ ನಾಯೀನ ಒಂದು ವರ್ಷ ಕಾಪಾಡಿತ್ತು. ಮೊದಲು ತೆಗೆದವು ಬಂಗಲೆ ಮಾಂಸದ ಕಲ್ಲು. ನೀನು ನಿನ್ನ ಕೈಯಾರೆ ಮತ್ತೆ ಮಾಂಸ ಹಾಕಿ ಬೆಳೆಸಿದೀಯ. ನಿನ್ನ ಕೈಯಾರೆ!’

ಮುದುಕ ತಲೆ ತಗ್ಗಿಸಿ, ಎರಡು ಕೈಯನ್ನೂ ಹೊಟ್ಟೆಯ ಮುಂದೆ ಹಿಡಿದು ನಿಂತಿದ್ದ. ಬಂಗಲೆಯ ಊಟದ ಮೇಜಿನ ಪಕ್ಕದಲ್ಲಿ ಹಾಗೆ ನಿಲ್ಲುತ್ತಿದ್ದನೋ ಏನೋ. ‘ಯೆಸ್ ಸಾರ್,’ ಎಂದ. ನನ್ನ ಕಡೆ ನೋಡಲಿಲ್ಲ. ಗಾಜಿನ ಲೋಟದ ದಿನದ ಹಾಗೆ ಅಂಗಳದಲ್ಲಿ ನಗಲೂ ಇಲ್ಲ.

ಮಧ್ಯಾಹ್ನ ಡಾಕ್ಟರು ಹೋದ ಕೂಡಲೇ ಕಪಾಟಿನಲ್ಲಿದ್ದ ಬಾಟಲಿಗಳನ್ನೆಲ್ಲ ಇಳಿಸಿ, ಹಂಡೆಯಲ್ಲಿ ಕುದಿಸಿ, ಮೂರು ನೀರಿನಲ್ಲಿ ತೊಳೆದಿಟ್ಟೆ. ಒಂದಕ್ಕಾದರೂ ಮೊದಲು ಕಾಗದ ಅದ್ದಿ ನೋಡಬಹುದಿತ್ತು. ನೋಡಲಿಲ್ಲ. ನೋಡದಿದ್ದುದರಿಂದ, ಮುದುಕ ನಿಜವಾಗಿಯೂ ಮನೆಯಲ್ಲಿ ಬೂದಿ ಹಾಕಿ ತೊಳೆಯುತ್ತಿದ್ದಿರಬಹುದು ಎಂಬ ಒಂದು ಸಂದು ನನಗೆ ಉಳಿಯಿತು. ಆ ಸಂದಿನಲ್ಲಿ ಎರಡು ತಿಂಗಳು ಬದುಕಿದೆ.

ಎರಡನೆಯ ಪಥ್ಯವನ್ನು ಡಾಕ್ಟರು ಬರೆದರು, ನಾನು ಅಳತೆ ಹಾಕಿದೆ. ಮಾಂಸ ಬಂದ್, ಮೊಟ್ಟೆ ಬಂದ್. ಮೆತ್ತಗೆ ಬೆಂದ ಅನ್ನ, ಎರಡು ಚಮಚ ಹೆಸರುಬೇಳೆ, ಸೋರೆಕಾಯಿ ಅಥವಾ ಸಿಹಿಗುಂಬಳ, ಒಂದು ಚಮಚ ತುಪ್ಪ. ಮೊಸರು ಸ್ವಲ್ಪ, ಅದಕ್ಕೆ ನಾಲ್ಕರಷ್ಟು ನೀರು ಬೆರೆಸಿ. ಹೊತ್ತಿಗೊಂದು ಚಿಟಿಕೆ ಅಡುಗೆ ಸೋಡಾ. ದಾಹವಾಗಿ ನೀರು ಕುಡಿಯಲೆಂದು ಒಂದು ಹರಳು ಉಪ್ಪು. ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಹೊರಗೆ ಬಿಡಬೇಕು, ಮೂತ್ರ ಚೀಲದಲ್ಲಿ ನಿಲ್ಲಬಾರದು. ಕಾಗದವನ್ನು ನಾನೇ ಜೋಗುಪಾಳ್ಯಕ್ಕೆ ಒಯ್ದು, ಸೌಟಿನಲ್ಲಿ ಬಿಸಿಯಿರುವಾಗಲೇ ಅದ್ದುತ್ತಿದ್ದೆ. ಸೌಟನ್ನು ಮೊದಲು ಶುದ್ಧ ನೀರಿನಲ್ಲಿ ತೊಳೆದು, ಆ ನೀರಿಗೂ ಕಾಗದ ಅದ್ದುತ್ತಿದ್ದೆ. ಮೊದಲ ವಾರ ಕೆಂಪು. ಎರಡನೆಯ ವಾರ ಎರಡೂ ಅಲ್ಲದ ನೇರಳೆ. ಮೂರನೆಯ ವಾರದಿಂದ ನೀಲಿ, ನಿಜವಾದ ನೀಲಿ.

ಕಷ್ಟವಾದದ್ದು ಅನ್ನಕ್ಕೆ. ರೇಷನ್ ಅಕ್ಕಿ ವಾರದ ನಡುವೆಯೇ ಮುಗಿಯುತ್ತಿತ್ತು. ಜಿಮ್ಮಿಗೆ ರಾಗಿ ಸೇರುತ್ತಿರಲಿಲ್ಲ, ಮುದ್ದೆಯನ್ನು ಮೂಸಿ ಹಿಂದೆ ಸರಿಯುತ್ತಿತ್ತು.

‘ಅಪ್ಪನ ಅಕ್ಕಿ ನಾಯಿಗೆ, ನಾಯಿ ಬಿಟ್ಟ ರಾಗಿ ಅಪ್ಪನಿಗೆ,’ ಎಂದಳು ಮಗಳು. ಈ ಸಲ ಯಂತ್ರ ನಿಲ್ಲಿಸಿ ಹೇಳಿದಳು. ಆಮೇಲೆ ತನ್ನ ಪಾಲಿನ ಅಕ್ಕಿಯನ್ನೂ ಆ ಡಬ್ಬಿಗೇ ಸುರಿದಳೆಂದು ಮುದುಕ ಹೇಳಿದ. ಇದನ್ನು ನಾನು ಕಂಡದ್ದಲ್ಲ.

ನಾಯಿಯ ಬೆನ್ನು ನೆಟ್ಟಗಾಯಿತು. ವಾಂತಿ ನಿಂತಿತು. ಹಿತ್ತಲ ಮೂರು ಕಲ್ಲಿನ ಒಲೆಯನ್ನು ಮುದುಕ ಕಿತ್ತುಹಾಕಿದ. ಆದರೆ ಭಾನುವಾರದ ಹಜಾರಕ್ಕೆ ಹೋಗಲಿಲ್ಲ. ‘ಹೋಗಿ ತಾತ, ಎಲ್ಲಾ ಮುಗೀತಲ್ಲ,’ ಎಂದೆ. ‘ಏನಂತ ಹೇಳ್ಲಿ ತಂಬಿ? ಮಾತು ಮುರಿದೆ, ಕಾರಣ ಇತ್ತು ಅಂತ ಹೇಳ್ಬೋದು. ಮಾತು ಮುರಿದೆ, ಕಾರಣಾನೂ ಇರ್ಲಿಲ್ಲ ಅಂತ ಹೆಂಗ್ ಹೇಳ್ಲಿ?’ ಎಂದ. ಅಲ್ಲೇ ನಾನು ಹೇಳಬಹುದಿತ್ತು.

ಎಂಟನೆಯ ವಾರ ಅವನು ನಾಯಿಯನ್ನು ಎತ್ತಿಕೊಂಡು ಓಡುತ್ತ ಬಂದ. ಜೋಗುಪಾಳ್ಯದಿಂದ ಬ್ಲ್ಯಾಕ್‌ಪಲ್ಲಿಗೆ, ಆ ವಯಸ್ಸಿನಲ್ಲಿ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡು ಎಷ್ಟು ಹೊತ್ತಾಗಿತ್ತೋ, ಈ ಸಲ ಎಣ್ಣೆಗೂ ಕೊಳವೆಗೂ ಅಲುಗಲಿಲ್ಲ. ಮತ್ತೆ ಕುಯ್ಯಬೇಕಾಯಿತು. ಮತ್ತೆ ನಾನೇ ಹನಿಸಿದೆ. ಚೀಲದ ಗೋಡೆ ಹಳೆಯ ಹೊಲಿಗೆಯ ಹತ್ತಿರ ಒದ್ದೆ ಕಾಗದದಂತೆ ಬಿಟ್ಟುಕೊಂಡಿತ್ತು. ಡಾಕ್ಟರು ಹೊಲಿಯುತ್ತಿರುವಾಗಲೇ ನಾಲಗೆಯ ಬಣ್ಣ ಹೋಯಿತು. ಮೂಗಿನ ಮೇಲಿನ ಬಟ್ಟೆ ತೆಗೆದು, ಪಕ್ಕೆಲುಬನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದೆವು. ಉಸಿರು ಬರಲಿಲ್ಲ.

ಡಾಕ್ಟರು ಒಳಗಿನ ಕಲ್ಲುಗಳನ್ನು ತೊಳೆದು ಬಿಳಿ ತಟ್ಟೆಯಲ್ಲಿಟ್ಟು ನನಗೆ ತೋರಿಸಿದರು. ಎಲ್ಲದರ ಹೊರಮೈ ಸವೆದು ಗುಳಿ ಬಿದ್ದಿತ್ತು, ಚೀಪಿ ಬಿಟ್ಟ ಪೆಪ್ಪರಮೆಂಟಿನ ಹಾಗೆ. ‘ಕರಗ್ತಾ ಇದ್ದವು,’ ಎಂದರು ಮೆಲ್ಲಗೆ. ‘ಕರಗಿ ಸಣ್ಣದಾಗಿದ್ದಕ್ಕೇ ಒಂದು ನಾಳಕ್ಕೆ ಇಳಿದಿದೆ. ಇನ್ನೊಂದೆರಡು ತಿಂಗಳು ಮೊದಲು ಶುರು ಮಾಡಿದ್ದಿದ್ರೆ...’

ಎರಡು ತಿಂಗಳು ಎಲ್ಲಿ ಹೋದವೆಂದು ಅವರಿಗೆ ಗೊತ್ತಿತ್ತು. ಬಾಗಿಲ ಬಳಿ ನಿಂತಿದ್ದ ಮುದುಕನ ಕಡೆ ಒಮ್ಮೆ ನೋಡಿದರು. ಮಾತಾಡಲಿಲ್ಲ. ಅದು ಅವರ ದಯೆ. ಆ ದಯೆ ತಪ್ಪು ಮಾಡದವನ ಮೇಲೆ ಬಿತ್ತು.

ವಾರದ ಮೇಲೆ ಮುದುಕ ದವಾಖಾನೆಗೆ ಬಂದ. ಡಾಕ್ಟರು ಇರಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಬಾಟಲಿ.

‘ನಿಮ್ದು ಒಂದು ಮನೇಲೇ ಉಳಿದಿತ್ತು ತಂಬಿ. ಯುದ್ಧದ ಕಾಲ, ಗಾಜು ಸಿಗಲ್ಲ ಅಂತಿದ್ರಲ್ಲ. ತೊಳೆದಿದೀನಿ.’

‘ಕೂತ್ಕೊಳ್ಳಿ ತಾತ.’

‘ಇಲ್ಲ, ಹೋಗ್ಬೇಕು.’ ಮೇಜಿನ ಕಡೆ ಒಮ್ಮೆ ನೋಡಿ ಹೋದ.

ಬಟ್ಟೆ ಬಿಚ್ಚಿದೆ. ಬಾಟಲಿ ಒಳಗೂ ಹೊರಗೂ ಒಣಗಿತ್ತು, ಬಾಯಿಗೆ ತೆಳು ಮಲ್‌ಬಟ್ಟೆ ಕಟ್ಟಿತ್ತು. ಹೊಳಪು ನಾನು ತೊಳೆದ ಬಾಟಲಿಗಳಷ್ಟು ಇರಲಿಲ್ಲ. ಶುದ್ಧ ನೀರು ಸ್ವಲ್ಪ ಹಾಕಿ, ಹೆಗಲವರೆಗೂ ಕುಲುಕಿ, ಕೆಂಪು ಕಾಗದ ಅದ್ದಿ ಕಾದೆ. ಗಡಿಯಾರ ನೋಡಿ ಐದು ನಿಮಿಷ, ಹತ್ತು ನಿಮಿಷ.

ಕೆಂಪು ಕೆಂಪಾಗಿಯೇ ಇತ್ತು. ಆ ಮನೆಯಲ್ಲಿ ಗಾಜಿಗೆ ಬೂದಿ ಮುಟ್ಟಿಸುತ್ತಿರಲಿಲ್ಲ.

ಆ ಸಂಜೆಯೇ ಡಾಕ್ಟರಿಗೆ ಎಲ್ಲ ಹೇಳಿದೆ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಮನೆಯಲ್ಲಿ ಮಕ್ಕಳಿಗೂ ಹಾಗೇ ಹೇಳಿದ್ದೇನೆ. ಇದನ್ನು ಬರೆಯಲು ನೋಟ್‌ಬುಕ್ಕು ತೆಗೆದಾಗ ಆ ದಿನದ ಪುಟದಲ್ಲಿ ಲಿಟ್ಮಸ್ ಚೂರನ್ನು ಗೋಂದಿನಿಂದ ಅಂಟಿಸಿರುವುದು ಕಂಡಿತು. ಅದು ಕಂದಿ ಚಹಾದ ಕಲೆಯಂತಾಗಿದೆ. ಕೆಳಗೆ ನನ್ನದೇ ಗುಂಡಗಿನ ಅಕ್ಷರದಲ್ಲಿ ಹೀಗಿದೆ: ‘ಒಂದು ಬಾಟಲಿ ವಾಪಸ್ ಬಂತು. ಜಿಮ್ಮಿಯ ಕೇಸು ಮುಗಿಯಿತು.’ ಮುಂದಿನ ಸಾಲು ಒಂದು ಜಟಕಾ ಕುದುರೆಯ ಲಾಳದ ಗಾಯದ್ದು.